ದಿನಕ್ಕೆ ಸಾವಿರದ ನಾನೂರು

ಸಿರುಗುಪ್ಪದ ಒಂದು ಅಕ್ಕಿ ಗಿರಣಿಯ ಕಾಟಾದ ಕೋಣೆಯಲ್ಲಿ ನಾನು ಹದಿನೆಂಟು ವರ್ಷದಿಂದ ಕೂತಿದ್ದೇನೆ. ಕಾಟಾ ಅಂದರೆ ಭತ್ತ ತುಂಬಿದ ಲಾರಿ, ಟ್ರ್ಯಾಕ್ಟರುಗಳನ್ನು ಇಡಿಯಾಗಿ ಹತ್ತಿಸಿ ತೂಗುವ ಕಬ್ಬಿಣದ ಹಾಸು. ಮೊದಲು ತುಂಬಿದ ಗಾಡಿಯ ತೂಕ, ಆಮೇಲೆ ಖಾಲಿ ಗಾಡಿಯ ತೂಕ. ಒಂದರಲ್ಲಿ ಒಂದು ಕಳೆದರೆ ಉಳಿದದ್ದು ಭತ್ತ. ಕೇಳಲಿಕ್ಕೆ ಎಷ್ಟು ಸರಳ. ಆದರೆ ತುಂಬಿದ ಗಾಡಿಯ ಜೊತೆ ಡ್ರೈವರು, ಕ್ಲೀನರು ಇಬ್ಬರೂ ಕೂತೇ ಇರುತ್ತಾರೆ, ಖಾಲಿ ತೂಕದ ಹೊತ್ತಿಗೆ ಇಬ್ಬರೂ ಇಳಿದು ಬೇವಿನ ಮರದ ನೆರಳಿಗೆ ಹೋಗಿರುತ್ತಾರೆ. ನೀರಿನ ಡ್ರಮ್ಮು ತುಂಬಿಕೊಂಡು ಬಂದವರು ನಡುವೆ ಎಲ್ಲೋ ಅದನ್ನು ಚೆಲ್ಲಿರುತ್ತಾರೆ. “ಇಳೀರಿ ಕೆಳಗ, ತಾಡಪಾಲು ತಗೀರಿ” ಎಂದು ದಿನಕ್ಕೆ ನೂರು ಸಲ ಹೇಳುವುದೇ ನನ್ನ ಕೆಲಸ. ದೇವರು ಪ್ರತ್ಯಕ್ಷ ಆದರೂ ಇಕಿ ಮೊದಲು ಕಾಟಾ ಹತ್ತಿಸಿ ನೋಡ್ತಾಳ ಅಂತ ನನ್ನ ಗಂಡ ಊರೆಲ್ಲ ಹೇಳಿಕೊಂಡು ತಿರುಗುತ್ತಾರೆ. ಮೋಟಾರು ವೈಂಡಿಂಗ್ ಅಂಗಡಿಯವರು ಅವರು, ಯಾರು ಏನು ಹೇಳಿದರೂ ನಂಬುವ ಜಾತಿ. ಮನೆಗೆ ಒಬ್ಬರಾದರೂ ಅನುಮಾನದವರು ಬೇಕಲ್ಲ.

ಅಂಥ ನನ್ನನ್ನೇ ಈ ವರ್ಷ ತಕ್ಕಡಿ ಹತ್ತಿಸಿದರು.

ನನ್ನ ತಂಗಿಯನ್ನು ಕುರುಗೋಡಿಗೆ ಕೊಟ್ಟಿದೆ. ನನಗಿಂತ ಎಂಟು ವರ್ಷ ಚಿಕ್ಕವಳು. ಎರಡೂ ಕಿಡ್ನಿ ಕೆಟ್ಟು, ವಾರಕ್ಕೆ ಮೂರು ಸಲ ಬಳ್ಳಾರಿಗೆ ಬಂದು ಡಯಾಲಿಸಿಸ್ ಮಾಡಿಸಿಕೊಳ್ಳುತ್ತಾಳೆ. ಎಡಗೈಯಲ್ಲಿ ರಕ್ತನಾಳ ಜೋಡಿಸಿದ ಜಾಗ ಉಬ್ಬಿಕೊಂಡಿದೆ, ಬೆರಳಿಟ್ಟರೆ ಒಳಗೆ ಗುಂಯ್ ಅನ್ನುತ್ತದೆ. ಅವಳ ಗಂಡನ ರಕ್ತದ ಗುಂಪು ಹೊಂದಲಿಲ್ಲ. ನಮ್ಮ ಅಪ್ಪ ಅವ್ವ ಇಲ್ಲ. ಅವಳ ಮಗಳು ಇನ್ನೂ ಪಿಯುಸಿ ಓದುವ ಹುಡುಗಿ. ನನ್ನದು ಎಲ್ಲವೂ ಹೊಂದಿತು. ಕೊಡುತ್ತೇನೆ ಅಂದೆ, ಅದರಲ್ಲಿ ಯೋಚನೆ ಮಾಡುವಂಥದ್ದೇನೂ ನನಗೆ ಕಾಣಲಿಲ್ಲ. ಆದರೆ ಬೆಂಗಳೂರಿನಿಂದ ತಿಂಗಳಿಗೊಮ್ಮೆ ಬಳ್ಳಾರಿಗೆ ಬರುವ ಡಾಕ್ಟರು ನನ್ನ ರಿಪೋರ್ಟುಗಳನ್ನೆಲ್ಲ ನೋಡಿ, ಆಮೇಲೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಎಂಬತ್ತೊಂದು ಕೆಜಿ ನಿಮ್ಮ ಎತ್ತರಕ್ಕೆ ಜಾಸ್ತಿಯಾಯಿತಮ್ಮ, ಎಪ್ಪತ್ಮೂರಕ್ಕೆ ಬಂದರೆ ಮಾತ್ರ ಆಪರೇಷನ್, ಇಲ್ಲದಿದ್ದರೆ ನಿಮಗೇ ಅಪಾಯ ಅಂದರು. ತಂಗಿಯ ಹೃದಯದ ಮೇಲೆ ಭಾರ ಬೀಳುತ್ತಿದೆ, ಆರು ತಿಂಗಳೊಳಗೆ ಮಾಡಿ ಮುಗಿಸಬೇಕು, ಆಮೇಲೆ ಅವಳ ಮೈ ತಡೆಯುತ್ತದೆ ಅಂತ ಹೇಳಲಾರೆ ಅಂತಲೂ ಅಂದರು. ನಮ್ಮ ಕಾಟಾದ ಮಷಿನ್ನಿನಲ್ಲಿ ಎಂಟು ಕೆಜಿ ಅನ್ನುವುದು ತೂಕವೇ ಅಲ್ಲ, ಅದು ಹತ್ತರ ಕೆಳಗಿನದನ್ನು ತೋರಿಸುವುದೇ ಇಲ್ಲ. ಆ ಎಂಟು ಕೆಜಿಯ ಮೇಲೆ ನನ್ನ ತಂಗಿಯ ಜೀವ ಬಂದು ಕೂತಿತು.

ಡಾಕ್ಟರು ನನ್ನನ್ನು ಅದೇ ಕಟ್ಟಡದ ಡಯಟೀಷಿಯನ್ ಹತ್ತಿರ ಕಳಿಸಿದರು. ಇಪ್ಪತ್ತೈದು ದಾಟದ, ಗಾಳಿ ಬಂದರೆ ಹಾರಿಹೋಗುವಂಥ ಹುಡುಗಿ. ಹೊಟ್ಟೆ ತುಂಬ ಉಣ್ಣದವಳು ನನಗೆ ಊಟದ ಲೆಕ್ಕ ಏನು ಹೇಳುತ್ತಾಳೆ ಅಂತ ಬಾಗಿಲಲ್ಲೇ ನನಗೆ ಅನುಮಾನ ಬಂತು. ಅವಳು ಒಂದು ಹಾಳೆ ತೆಗೆದು ಬರೆಯತೊಡಗಿದಳು. ತೂಕ ಎಂಬತ್ತೊಂದು, ಅದನ್ನು ಹತ್ತರಿಂದ ಗುಣಿಸಿ ಎಂಟುನೂರ ಹತ್ತು. ಎತ್ತರ ನೂರ ಐವತ್ತಾರು ಸೆಂಟಿಮೀಟರು, ಅದನ್ನು ಆರೂಕಾಲರಿಂದ ಗುಣಿಸಿ ಒಂಬೈನೂರ ಎಪ್ಪತ್ತೈದು. ಎರಡೂ ಕೂಡಿಸಿದಳು. ವಯಸ್ಸು ನಲವತ್ತೇಳನ್ನು ಐದರಿಂದ ಗುಣಿಸಿ, ಬಂದ ಇನ್ನೂರ ಮೂವತ್ತೈದನ್ನು ಕಳೆದಳು. ಅಲ್ಲಿಯವರೆಗೆ ನಾನು ಮನಸ್ಸಿನಲ್ಲೇ ಜೊತೆಗೆ ಲೆಕ್ಕ ಮಾಡುತ್ತ ಬಂದೆ, ಒಂದಂಕಿ ತಪ್ಪಿರಲಿಲ್ಲ. ಆಮೇಲೆ ಹೇಳದೆ ಕೇಳದೆ ಇನ್ನೂ ನೂರ ಅರವತ್ತೊಂದು ಕಳೆದುಬಿಟ್ಟಳು.

“ಈ ನೂರಾ ಅರವತ್ತೊಂದು ಯಾವುದ್ರಿ?” ಅಂದೆ.

“ಅದು ಹೆಣ್ಮಕ್ಕಳಿಗೆ ಕಳೀಬೇಕ್ರಿ ಮೇಡಂ.”

“ಗಂಡಸರಿಗೆ?”

“ಅವರಿಗೆ ಐದು ಕೂಡಸ್ತೀವ್ರಿ.”

ನೋಡಿ ಹೆಂಗಿದೆ. ಗಂಡಸಿಗೆ ಐದು ಕೈಗೆ ಕೊಟ್ಟು ಕಳಿಸುತ್ತಾರೆ, ಹೆಂಗಸಿನ ತಾಟಿನಿಂದ ನೂರ ಅರವತ್ತೊಂದು ಕೀಳುತ್ತಾರೆ. ಗಂಡಸರ ಮೈಯಲ್ಲಿ ಮಾಂಸಖಂಡ ಜಾಸ್ತಿ, ಅದು ಕೂತಲ್ಲೇ ಹೆಚ್ಚು ಉರಿಸುತ್ತದೆ ಅಂತ ಅವಳು ಬಿಡಿಸಿ ಹೇಳಿದಳು. ನಾನು ಹೂಂ ಅಂದೆ, ನಂಬಲಿಲ್ಲ. ಉಳಿದದ್ದು ಸಾವಿರದ ಮುನ್ನೂರ ಎಂಬತ್ತೊಂಬತ್ತು. ಏನೂ ಮಾಡದೆ ಮಲಗಿದರೂ ನನ್ನ ಮೈ ದಿನಕ್ಕೆ ಇಷ್ಟು ಕ್ಯಾಲೊರಿ ಉರಿಸುತ್ತದಂತೆ.

“ನಿಮ್ದು ಕೂತು ಮಾಡೋ ಕೆಲಸ ಏನ್ರಿ?” ಎಂದು ಕೇಳಿದಳು.

“ಕೂತು ಅಂತ ಯಾರು ಹೇಳಿದ್ರು? ಒಂದು ಗಾಡಿಗೆ ಮೂರು ಸಲ ಎದ್ದು ಹೊರಗ ಹೋಗಿ ಬೈದು ಬರ್ತೀನಿ.”

ಅವಳು ನಕ್ಕು, ಹಂಗಾದರೆ ಹಗುರ ಓಡಾಟ ಅಂತ ಹಿಡಿಯೋಣ ಅಂದು, ಅದನ್ನು ಒಂದೂವರೆಗೆ ಸ್ವಲ್ಪ ಹಿಂದೆ, ಒಂದೂಕಾಲಿಗೆ ಸ್ವಲ್ಪ ಮುಂದೆ ಇರುವ ಒಂದು ಅಂಕಿಯಿಂದ ಗುಣಿಸಿದಳು. ಸಾವಿರದ ಒಂಬೈನೂರ ಹತ್ತು ಬಂತು. ಅಷ್ಟು ತಿಂದರೆ ತೂಕ ಇದ್ದಲ್ಲೇ ಇರುತ್ತದೆ. ದಿನಕ್ಕೆ ಐನೂರು ಕಡಿಮೆ ಮಾಡಿದರೆ ವಾರಕ್ಕೆ ಹೆಚ್ಚುಕಡಿಮೆ ಅರ್ಧ ಕೆಜಿ ಇಳಿಯುತ್ತದೆ. ಹಾಗಾಗಿ ನನ್ನ ಪಾಲಿಗೆ ದಿನಕ್ಕೆ ಸಾವಿರದ ನಾನೂರು.

“ಎಂಟುನೂರೇ ತಿಂದ್ರ ಲಗೂನ ಇಳೀತೈತಲ್ರಿ,” ಅಂದೆ.

“ಬ್ಯಾಡ್ರಿ ಮೇಡಂ. ಸಾವಿರದ ಇನ್ನೂರರ ಕೆಳಗ ಹೋದ್ರ ಕೊಬ್ಬಿನ ಜೊತಿಗೆ ಮಾಂಸಖಂಡನೂ ಕರಗ್ತೈತಿ. ನೀವು ಕಿಡ್ನಿ ಕೊಡೋರು, ಸೊರಗಿದ ಮೈಗೆ ಡಾಕ್ಟರ್ ಕತ್ತಿ ಹಚ್ಚೂದಿಲ್ಲ. ಮತ್ತ ಇದು ಅಂದಾಜಿನ ಲೆಕ್ಕರಿ. ಒಂದು ತಿಂಗಳು ನಡೆಸಿ, ನಿಮ್ಮ ಮೈ ಏನು ಹೇಳ್ತೈತಿ ನೋಡಿ ತಿದ್ದೋಣು.”

ಅಂದಾಜು ಅಂದ ಕೂಡಲೇ ನನ್ನ ಕಿವಿ ನೆಟ್ಟಗಾಯಿತು. ಅಂದಾಜು ಹೇಳುವ ಲಾರಿಯವರನ್ನು ನಾನು ಗೇಟಿನಿಂದ ಒಳಗೇ ಬಿಡುವುದಿಲ್ಲ. ಹಾಳೆಯನ್ನು ಮಡಚಿ ಕುಪ್ಪಸದೊಳಗಿನ ಚೀಲಕ್ಕೆ ಹಾಕಿಕೊಂಡು ಸೀದಾ ಕೌಲ್ ಬಜಾರಿಗೆ ನಡೆದೆ. ಅಡುಗೆಮನೆಯಲ್ಲಿ ಇಡುವ ಸಣ್ಣ ಎಲೆಕ್ಟ್ರಾನಿಕ್ ತಕ್ಕಡಿ ಬೇಕಿತ್ತು. ಅಂಗಡಿಯ ಹಿರಿಯರು ಒಂದನ್ನು ಮುಂದಿಟ್ಟರು. ನಾನು ಪಕ್ಕದ ಕಿರಾಣಿ ಅಂಗಡಿಯಿಂದ ಒಂದು ಕೆಜಿ ಉಪ್ಪಿನ ಪ್ಯಾಕೆಟ್ ತಂದು ಅದರ ಮೇಲೆ ಇಟ್ಟೆ. ಒಂದು ಸಾವಿರದ ಆರು ಗ್ರಾಂ ತೋರಿಸಿತು.

“ಆರು ಗ್ರಾಂ ಜಾಸ್ತಿ ತೋರಸ್ತೈತ್ರಿ ಇದು.”

“ಅದು ಕವರಿಂದು ಅಮ್ಮಾ. ಖಾಲಿ ಕವರ್ ತೂಗ್ರಿ ಬೇಕಾದ್ರ,” ಅಂದರು ಅವರು, ಬಹಳ ತಾಳ್ಮೆಯಿಂದ.

ಉಪ್ಪನ್ನು ಅವರದೇ ಒಂದು ಡಬ್ಬಿಗೆ ಸುರಿದು ಕವರು ತೂಗಿದೆ. ಆರು ಗ್ರಾಂ. “ಈಗ ನನ್ನ ಅಂಗಡಿ ಮ್ಯಾಲ ಭರೋಸಾ ಬಂತಾ?” ಅಂದರು. ತಕ್ಕಡಿಯ ಮೇಲೆ ಬಂತು ಅಂದೆ.

ಅಡುಗೆಮನೆಯಲ್ಲಿ ನನ್ನ ಅತ್ತೆಯ ರಾಜ್ಯ. ದೇಶನೂರಿನ ಭತ್ತದ ಮನೆಯಿಂದ ಬಂದವರು, ಎಪ್ಪತ್ತು ದಾಟಿದರೂ ಸೌಟು ಬಿಟ್ಟುಕೊಟ್ಟಿಲ್ಲ. ಅಲ್ಲಿ ನಾನು ತಕ್ಕಡಿ ತಂದಿಟ್ಟದ್ದು ಅವರಿಗೆ ಚೂರೂ ಸೇರಲಿಲ್ಲ. ಒಂದೊಂದು ರೊಟ್ಟಿಯನ್ನೂ ತೂಗಿದೆ. ಅವರು ಬಡಿದ ರೊಟ್ಟಿ ಒಂದು ದಿನ ಎಪ್ಪತ್ತು ಗ್ರಾಂ, ಇನ್ನೊಂದು ದಿನ ತೊಂಬತ್ತು. ಫೋನಿನ ಆ್ಯಪಿನಲ್ಲಿ ಹುಡುಕಿದರೆ ರೊಟ್ಟಿ ಅಂದದ್ದಕ್ಕೆ ಹನ್ನೊಂದು ಬಗೆ ತೋರಿಸಿತು, ಒಂದಕ್ಕೊಂದು ತಾಳೆಯಿಲ್ಲ. ಆ್ಯಪು ಬರೆದವನು ಜೋಳದ ರೊಟ್ಟಿಯನ್ನು ಕಣ್ಣಿಂದ ಕಂಡವನಲ್ಲ ಅಂತ ನನಗೆ ಖಾತ್ರಿಯಾಯಿತು. ಹಿಟ್ಟನ್ನೇ ತೂಗಿ, ಹಿಟ್ಟಿನ ಲೆಕ್ಕವನ್ನೇ ಬರೆದುಕೊಳ್ಳತೊಡಗಿದೆ. ಅನ್ನಕ್ಕೂ ಅದೇ. ಬೆಂದ ಅನ್ನ ನೀರು ಕುಡಿದು ಮೂರು ಪಟ್ಟು ತೂಗುತ್ತದೆ, ಹಸಿ ಭತ್ತ ತಂದು ಒಣಗಿದ್ದು ಅಂತ ಹೇಳುವವರಂತೆ. ಅಕ್ಕಿಯನ್ನೇ ತೂಗಿದೆ. ಬೆಳಿಗ್ಗೆ ಒಂದು ರೊಟ್ಟಿ, ಕಾಳಿನ ಪಲ್ಯ. ಮಧ್ಯಾಹ್ನ ಒಂದು ರೊಟ್ಟಿ, ಒಂದು ಹಿಡಿ ಅನ್ನ, ಸಾರು, ಮಜ್ಜಿಗೆ. ರಾತ್ರಿ ಒಂದು ರೊಟ್ಟಿ, ಪಲ್ಯ, ಸೌತೆಕಾಯಿ. ನಡುವೆ ಒಂದು ಲೋಟ ಸಕ್ಕರೆ ಇಲ್ಲದ ಚಹಾ, ಅದನ್ನು ಕುಡಿಯುವಾಗ ಮಾತ್ರ ನನಗೆ ನನ್ನ ಮೇಲೆ ಕನಿಕರ ಬರುತ್ತಿತ್ತು. ಎಲ್ಲವನ್ನೂ ಒಂದು ನೋಟುಬುಕ್ಕಿನಲ್ಲಿ ಬರೆದೆ. ನಾಲ್ಕು ವಾರಕ್ಕೆ ಎರಡು ಕೆಜಿ ಇಳಿದು ಎಪ್ಪತ್ತೊಂಬತ್ತಾಯಿತು. ಆ ಕಡ್ಡಿ ಹುಡುಗಿಯ ಲೆಕ್ಕ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ನನಗೆ ಸಂತೋಷಕ್ಕಿಂತ ಆಶ್ಚರ್ಯವೇ ಜಾಸ್ತಿ ಆಯಿತು.

ಶನಿವಾರ ಶನಿವಾರ ನಾನು ಗಿರಣಿಗೆ ರಜೆ ಹಾಕಿ ಬಳ್ಳಾರಿಗೆ ಹೋಗಿ, ಡಯಾಲಿಸಿಸ್ ನಡೆಯುವ ನಾಲ್ಕು ತಾಸು ತಂಗಿಯ ಪಕ್ಕ ಕೂರುತ್ತೇನೆ. ಎರಡು ಕೆಜಿ ಇಳಿದೆ ಅಂತ ಅವಳಿಗೆ ಹೇಳಿದೆ. ಅವಳು ನನ್ನ ಮುಖವನ್ನೇ ನೋಡಿ, “ಭಾಳ ಸೊರಗೀಯಕ್ಕ, ಬಾಯಿಗೆ ರುಚಿ ಅನ್ನೂದು ಏನಾರ ಐತೋ ಇಲ್ಲೋ” ಅಂದಳು. ಮುಂದಿನ ಶನಿವಾರ ಒಂದು ಸ್ಟೀಲು ಡಬ್ಬಿ ತುಂಬ ಶೇಂಗಾ ಚಟ್ನಿಪುಡಿ ತಂದುಕೊಟ್ಟಳು. ಶೇಂಗಾ ಅವಳಿಗೆ ವರ್ಜ್ಯ, ಉಪ್ಪೂ ವರ್ಜ್ಯ, ನೀರು ಕುಡಿಯುವುದಕ್ಕೂ ಅಳತೆ. ತಾನು ನಾಲಿಗೆಗೆ ಹಚ್ಚುವಂತಿಲ್ಲದ್ದನ್ನು ನನಗಾಗಿ ಹುರಿದು, ಬೆಳ್ಳುಳ್ಳಿ ಜೀರಿಗೆ ಹಾಕಿ, ಒಳ್ಳಿನಲ್ಲಿ ಕುಟ್ಟಿ ತಂದಿದ್ದಾಳಲ್ಲ ಅಂತ ನನ್ನ ಕಣ್ಣು ತುಂಬಿತು. ಅಂದಿನಿಂದ ವಾರಕ್ಕೊಂದು ಡಬ್ಬಿ ಬಂತು, ಖಾಲಿ ಡಬ್ಬಿ ವಾಪಸು ಹೋಯಿತು.

ಅಲ್ಲಿಂದ ಮುಂದೆ ತೂಕ ನಿಂತಿತು. ಐದನೇ ವಾರ ಎಪ್ಪತ್ತೊಂಬತ್ತು. ಆರನೇ ವಾರ ಎಪ್ಪತ್ತೊಂಬತ್ತು. ಎಂಟನೇ ವಾರ ಎಪ್ಪತ್ತೊಂಬತ್ತರ ಮೇಲೆ ಇನ್ನೂರು ಗ್ರಾಂ. ನೋಟುಬುಕ್ಕಿನಲ್ಲಿ ದಿನಕ್ಕೆ ಸಾವಿರದ ನಾನೂರು ತಪ್ಪದೆ ಇತ್ತು. ಮೊದಲು ಮನೆಯಲ್ಲಿ ಹತ್ತಿ ನಿಂತು ಮೈ ತೂಗಿಕೊಳ್ಳುವ ತಕ್ಕಡಿಯ ಮೇಲೆ ಅನುಮಾನ ಬಂದು, ಗಿರಣಿಯಲ್ಲಿ ಅಕ್ಕಿ ಚೀಲ ತೂಗುವ ತಕ್ಕಡಿ ಹತ್ತಿದೆ. ಅಲ್ಲಿಯೂ ಅಷ್ಟೇ. ಹಮಾಲರು ಬಾಯಿಗೆ ಟವೆಲ್ ಅಡ್ಡ ಹಿಡಿದುಕೊಂಡರು, ನಗುತ್ತಿದ್ದರೆಂದು ನನಗೇನು ತಿಳಿಯುವುದಿಲ್ಲವೇ. ಆಮೇಲೆ ಗಂಡನ ಮೇಲೆ ಬಂತು. ಭಾನುವಾರ ಅವರ ಕೈಯಲ್ಲಿ ಮಿರ್ಚಿ ಭಜಿಯ ವಾಸನೆ ಬರುತ್ತಿತ್ತು. ಕೇಳಿದರೆ ತಡವರಿಸಿದರು. ಕೊನೆಗೆ ತಿಳಿದದ್ದು, ಮಂಡಕ್ಕಿ ಒಗ್ಗರಣಿ, ಮಿರ್ಚಿ ಮನೆಗೆ ತಂದರೆ ನನಗೆ ಆಸೆಯಾಗುತ್ತದೆಂದು ಪಾಪ ಅಂಗಡಿಯಲ್ಲೇ ನಿಂತು ತಿಂದು, ಬಾಯಿ ತೊಳೆದುಕೊಂಡು ಬರುತ್ತಿದ್ದರು.

ಉಳಿದವರು ಅತ್ತೆ. ಕಿಡ್ನಿ ಕೊಡುವ ಮಾತು ಬಂದ ದಿನ ಅವರೊಬ್ಬರೇ ಏನೂ ಅನ್ನದೆ ಎದ್ದು ಒಳಗೆ ಹೋಗಿದ್ದರು. ಮನೆಯ ಸೊಸೆಯ ಹೊಟ್ಟೆ ಕೊಯ್ಯುವುದು ಅವರಿಗೆ ಮನಸ್ಸಿಲ್ಲ, ಅದಕ್ಕೇ ಪಲ್ಯಕ್ಕೆ ಕೈ ಬಿಚ್ಚಿ ಎಣ್ಣೆ ಸುರಿಯುತ್ತಿದ್ದಾರೆ ಅಂತ ನನ್ನ ತಲೆಗೆ ಹೊಕ್ಕಿತು. ಹೊಕ್ಕದ್ದು ಹೊರಗೆ ಬರಲೇ ಇಲ್ಲ. ಎಣ್ಣೆ ಡಬ್ಬಿಯಲ್ಲಿ ಎಣ್ಣೆ ನಿಂತ ಮಟ್ಟಕ್ಕೆ ಸರಿಯಾಗಿ ಹೊರಗಿನಿಂದ ಒಂದು ಟಿಕಳಿ ಅಂಟಿಸಿದೆ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಎಣ್ಣೆ ಕಾದೆ ಅಂದರೂ ಸರಿಯೇ. ಮೂರು ದಿನ ಟಿಕಳಿ ನೋಡುವುದು, ಹೊಸ ಟಿಕಳಿ ಅಂಟಿಸುವುದು ನಡೆಯಿತು.

ನಾಲ್ಕನೇ ದಿನ ಅತ್ತೆ ಡಬ್ಬಿಯನ್ನು ತಂದು ನನ್ನ ಮುಂದೆ ಕುಕ್ಕಿದರು.

“ಹಣಿಗಿ ಹಚ್ಚೋ ಟಿಕಳಿ ಎಣ್ಣಿ ಡಬ್ಬಿಗಿ ಹಚ್ಚೀಯಲ್ಲವ್ವಾ. ಏನು, ಇದಕ್ಕೂ ಮದಿವಿ ಮಾಡ್ತೀಯೇನು?”

ನಾನು ತಲೆ ತಗ್ಗಿಸಿದೆ.

“ನಿಂದು ಪಲ್ಯ ಬ್ಯಾರೆ ಬಾಣಲಿಯಾಗ ಮಾಡ್ತೀನಿ. ಅರ್ಧ ಚಮಚ ಎಣ್ಣಿ. ಬಾ, ನೋಡು.” ಕೈ ಹಿಡಿದು ಎಳೆದುಕೊಂಡು ಹೋಗಿ ತೋರಿಸಿದರು. ಸಣ್ಣ ಬಾಣಲೆಯಲ್ಲಿ ನನ್ನ ಪಲ್ಯ ಬೇರೆಯೇ ಇತ್ತು, ಒಣಗಿಕೊಂಡು. “ನಿನ್ನ ಹೊಟ್ಟಿ ಕೊಯ್ಯೂದು ನನಗ ಮನಸಿಲ್ಲ. ಅದನ್ನ ನಿನ್ನ ಮುಂದನೇ ಹೇಳ್ತೀನಿ, ಹೆದರಿಕಿ ಏನೈತಿ. ಆದ್ರ ಎಣ್ಣಿ ಸುರುವಿ ನಿನ್ನ ತಡಿಯೂವಷ್ಟು ಸಣ್ಣ ಮನಸು ನಂದಲ್ಲ. ನಿನ್ನ ತಂಗಿ ನನ್ನ ಕೈಯಾಗ ಉಂಡ ಹುಡುಗಿ.”

ಕ್ಷಮಿಸ್ರಿ ಅತ್ತಿ ಅಂದೆ. ಸಿಟ್ಟು ಬಂದರೆ ಅವರ ಬಾಯಿಗೆ ತೆಲುಗು ಬರುತ್ತದೆ. “ಚಾಲು, ಚಾಲು,” ಅಂದರೆ ಸಾಕು ಸಾಕು ಎಂದು ಕೈ ಝಾಡಿಸಿ ಒಳಗೆ ಹೋದವರು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ನಾಚಿಕೆಯಿಂದ ನಾನು ಕುಗ್ಗಿಹೋದೆ. ತೂಕದ ತಕ್ಕಡಿಯಲ್ಲಿ ಮಾತ್ರ ಕುಗ್ಗಲಿಲ್ಲ.

ಹನ್ನೆರಡನೇ ವಾರದ ಶನಿವಾರ ಮತ್ತೆ ಆ ಹುಡುಗಿಯ ಮುಂದೆ ಕೂತೆ. ಎಪ್ಪತ್ತೊಂಬತ್ತು ಕೆಜಿ ನಾನೂರು ಗ್ರಾಂ. ಅವಳು ನನ್ನ ನೋಟುಬುಕ್ಕಿನ ಹಾಳೆಗಳನ್ನು ಒಂದೊಂದಾಗಿ ತಿರುವಿ ಹಾಕಿ, ಬಹಳ ಮೆತ್ತಗೆ ಕೇಳಿದಳು.

“ಮೇಡಂ, ಬರ್ದಿದ್ದೆಲ್ಲ ತಿಂದೀರಿ, ಅದು ಖರೆ. ತಿಂದಿದ್ದೆಲ್ಲ ಬರ್ದೀರೇನ್ರಿ?”

ನನಗೆ ಸಿಟ್ಟು ನೆತ್ತಿಗೇರಿತು. ಹದಿನೆಂಟು ವರ್ಷ ಲಾರಿಯವರಿಗೆ ನಾನು ಕೇಳಿದ ಪ್ರಶ್ನೆಯನ್ನು ಈ ಹುಡುಗಿ ನನಗೆ ಕೇಳುತ್ತಿದ್ದಾಳೆ. “ನಾ ಏನು ಸುಳ್ಳು ಬರೀತೀನೇನ್ರಿ? ನನ್ನ ತಂಗಿ ಅಲ್ಲಿ ಮಷಿನ್ನಿಗೆ ಕೈ ಕೊಟ್ಟು ಮಲಗ್ಯಾಳ. ಇದರಾಗ ಸುಳ್ಳು ಹೇಳೋ ಹೆಂಗಸು ಹೆಂಗಸೇನು?” ಅಂದೆ. ಧ್ವನಿ ಜೋರಾಯಿತು, ಹೊರಗೆ ಕೂತವರು ಇಣುಕಿದರು.

ಅವಳು ಬೇಸರ ಮಾಡಿಕೊಳ್ಳಲಿಲ್ಲ. “ಸಿಟ್ಟಾಗಬ್ಯಾಡ್ರಿ. ಒಂದು ಕೆಲಸ ಮಾಡ್ರಿ. ಕಣ್ಣು ಮುಚ್ಚಿ ನಿಮ್ಮ ಮಧ್ಯಾಹ್ನದ ತಾಟು ನೆನಸ್ರಿ. ಖಾಲಿ ತಾಟು. ಮೊದಲು ಅದಕ್ಕ ಏನು ಬೀಳ್ತೈತಿ?”

“ಪುಡಿ,” ಅಂದೆ.

“ಯಾವ ಪುಡಿ?”

“ಶೇಂಗಾಪುಡಿ. ಅದರ ಮ್ಯಾಲ ಎಣ್ಣಿ. ಅದೇನು ಊಟ ಅಲ್ಲಲ್ರಿ, ರೊಟ್ಟಿಗಿ ಹಚ್ಕೊಂಡು ತಿನ್ನೂದು.”

ನಮ್ಮ ಕಡೆ ಯಾರನ್ನಾದರೂ ಕೇಳಿ ನೋಡಿ, ಏನು ಉಂಡಿರಿ ಅಂದರೆ ರೊಟ್ಟಿ ಪಲ್ಯ ಅನ್ನುತ್ತಾರೆ, ಅನ್ನ ಸಾರು ಅನ್ನುತ್ತಾರೆ. ತಾಟಿನ ತುದಿಗೆ ಎಲ್ಲಕ್ಕಿಂತ ಮೊದಲು ಬೀಳುವ ಪುಡಿ, ಅದರ ನಡುವೆ ಗುಣಿ ಮಾಡಿ ಹಾಕುವ ಎಣ್ಣೆ, ಇವನ್ನು ಉಂಡೆ ಅಂತ ಯಾರೂ ಹೇಳುವುದಿಲ್ಲ. ಅವು ತಾಟಿನ ಭಾಗ ಇದ್ದಂತೆ. ಎರಡು ಕಾಳು ಕಡಲೆಯನ್ನೂ ತೂಗಿ ಬರೆದವಳು ನಾನು, ಆದರೆ ಎಂಟು ವಾರದಲ್ಲಿ ಒಂದು ದಿನವೂ ಪುಡಿಯನ್ನು ಬರೆಯಬೇಕೆಂದು ನನ್ನ ತಲೆಗೇ ಬರಲಿಲ್ಲ.

ತಂಗಿ ಅವತ್ತು ತಂದುಕೊಟ್ಟ ಡಬ್ಬಿ ನನ್ನ ಚೀಲದಲ್ಲೇ ಇತ್ತು. ಹುಡುಗಿ ಒಂದು ತಟ್ಟೆ ಕೊಟ್ಟ ಮೇಲೆ ನಾನು ದಿನಾ ಹಾಕಿಕೊಳ್ಳುವಷ್ಟು ಹಾಕಿದೆ, ಮೂರು ಚಮಚ. ತೂಗಿದಳು. ಮೂವತ್ತು ಗ್ರಾಂ. ಶೇಂಗಾದಲ್ಲಿ ಅರ್ಧದಷ್ಟು ಎಣ್ಣೆಯೇ ಇರುತ್ತದೆ, ಇದು ನೂರ ಅರವತ್ತು ಕ್ಯಾಲೊರಿ ಅಂದಳು. ಮೇಲೆ ಎರಡು ಸಣ್ಣ ಚಮಚ ಎಣ್ಣೆ ತೊಂಬತ್ತು. ಒಂದು ಹೊತ್ತಿಗೆ ಇನ್ನೂರೈವತ್ತು. ಮಧ್ಯಾಹ್ನ ಒಂದು ಸಲ, ರಾತ್ರಿ ಒಂದು ಸಲ.

“ಐನೂರಾತಲ್ರಿ ಮೇಡಂ. ನಾವು ಕಳ್ದಿದ್ದು ಅಷ್ಟೂ ಇದರಾಗ ವಾಪಸ್ ಬಂದೈತಿ.” ಆಮೇಲೆ ಸಹಜವಾಗಿ, ಡಬ್ಬಿಯ ಮುಚ್ಚಳ ಹಾಕುತ್ತ ಅಂದಳು, “ನಿಮ್ಮ ತಂಗಿಯವರಿಗೆ ಗೊತ್ತಿತ್ತಲ್ರಿ. ತಮ್ಮ ಪಥ್ಯ ಕೇಳಾಕ ಬಂದಾಗ ಶೇಂಗಾಪುಡಿ ಲೆಕ್ಕನೂ ಕೇಳಿದ್ರು. ಎಣ್ಣಿ ಹಾಕಿದ್ರ ಎಷ್ಟು, ಹಾಕದಿದ್ರ ಎಷ್ಟು ಅಂತ ಬರ್ಕೊಂಡು ಹೋದ್ರು. ನಿಮಗ ಹೇಳ್ಲಿಲ್ಲೇನ್ರಿ?”

ನಾನು ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ತಂಗಿಯ ಹಾಸಿಗೆಯ ಹತ್ತಿರ ಬಂದೆ. ತಂಗಿ ಕಣ್ಣು ಮುಚ್ಚಿ ಮಲಗಿದ್ದಳು, ಅವಳ ರಕ್ತ ಕೊಳವೆಯಲ್ಲಿ ಸುತ್ತಿ ಬರುತ್ತಿತ್ತು. ಡಯಾಲಿಸಿಸ್ ಹೊತ್ತಿನಲ್ಲಿ ಅವಳ ಬಿಪಿ ಇಳಿದುಬಿಡುತ್ತದೆ, ಆಗ ಜಗಳ ಆಡುವಂತಿಲ್ಲ. ಅವಳು ಎದ್ದು ಹೋದ ವಾರದ ಖಾಲಿ ಡಬ್ಬಿ ಕೊಡು ಅಂದಾಗ ಕೊಟ್ಟೆ. ನನಗೆ ಅವಳ ಕೈ ಹಿಡಿಯಲಿಕ್ಕೂ ಆಗಲಿಲ್ಲ.

ಮರುದಿನ ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಬಳ್ಳಾರಿ, ಅಲ್ಲಿಂದ ಕುರುಗೋಡು. ದಾರಿಯುದ್ದಕ್ಕೂ ಒಂದೊಂದೇ ಕೂಡಿಸುತ್ತ ಹೋದೆ. ನಾನು ಎರಡು ಕೆಜಿ ಇಳಿದೆ ಅಂದ ಮರುವಾರವೇ ಡಬ್ಬಿ ಬಂದದ್ದು. ಖಾಲಿಯಾಯಿತೋ ಇಲ್ಲವೋ ಅಂತ ವಾರವಾರ ಅವಳು ಡಬ್ಬಿ ತೆಗೆದು ನೋಡಿದ್ದು. ನಾನು ಇದನ್ನು ಪ್ರೀತಿ ಅಂದುಕೊಂಡಿದ್ದೆ. ಅತ್ತೆಯ ಎಣ್ಣೆ ಡಬ್ಬಿಗೆ ಟಿಕಳಿ ಹಚ್ಚಿದವಳು, ಇವಳ ಡಬ್ಬಿಯನ್ನು ಮಾತ್ರ ಕಣ್ಣಿಗೆ ಒತ್ತಿಕೊಂಡು ಉಂಡೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು.

ಅವಳ ಮನೆಯ ಬಾಗಿಲು ತೆರೆದೇ ಇತ್ತು. ಗಂಡ ಹೊಲಕ್ಕೆ, ಮಗಳು ಟ್ಯೂಷನ್ನಿಗೆ ಹೋಗಿದ್ದರು. ಅವಳು ಅಡುಗೆಮನೆಯ ನೆಲದ ಮೇಲೆ ಮಣೆ ಹಾಕಿ ಕೂತು, ಸಣ್ಣ ಗ್ಯಾಸ್ ಒಲೆಯ ಮೇಲೆ ಶೇಂಗಾ ಹುರಿಯುತ್ತಿದ್ದಳು. ಬಲಗೈ ಮಾತ್ರ ಆಡುತ್ತಿತ್ತು, ಎಡಗೈಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು.

“ಅಕ್ಕಾ? ಇವತ್ತ್ಯಾಕ ಬಂದಿ?”

ನಾನು ನಿಂತೇ ಕೇಳಿದೆ. “ಮೂರು ಚಮಚ ಪುಡಿ, ಎರಡು ಚಮಚ ಎಣ್ಣಿ, ದಿನಕ್ಕ ಎರಡು ಹೊತ್ತು. ಎಷ್ಟಾತು ಹೇಳಲೇ.”

ಅವಳ ಕೈ ನಿಂತಿತು. ಗೊತ್ತಿಲ್ಲ ಅನ್ನಬಹುದಿತ್ತು, ನಾನು ಅದಕ್ಕೂ ತಯಾರಾಗಿ ಬಂದಿದ್ದೆ. ಅವಳು ನನ್ನ ಮುಖ ನೋಡದೆ ಹೇಳಿದಳು.

“ಐನೂರು.”

ಆಮೇಲೆ ನಾನು ಬಾಯಿಗೆ ಬಂದಂತೆ ಬೈದೆ. “ಹಲ್ಲು ಕಚ್ಚಿ ಹಸಿದೀನಲೇ ನಾನು. ನಿನ್ನ ಸಲುವಾಗಿ ಅತ್ತಿನ ಕಳ್ಳಿ ಮಾಡಿದೆ, ಗಂಡನ ಕೈ ಮೂಸಿ ನೋಡಿದೆ. ಎಂಟು ವಾರ ಹಾಳು ಮಾಡಿದಿ. ನಿನಗ ಉಳಿದಿದ್ದೇ ಎಷ್ಟು ವಾರ ಅಂತ ಗೊತ್ತೈತೇನು? ಸಾಯಬೇಕಂತ ಮಾಡೀಯೇನು?”

“ಸಾಯಬೇಕಂತಲ್ಲ,” ಅಂದಳು. “ನೀ ಬಂದು ಎಲ್ಲಾರ ಮುಂದ ಕೊಡ್ತೀನಿ ಅಂದಿ. ಇವ್ರು ನಿನಗ ಕೈ ಮುಗಿದ್ರು. ಮಗಳು ನಿನ್ನ ಕಾಲು ಹಿಡದು ಅತ್ತಳು. ನಿನಗ ಬೇಕೇನು ಅಂತ ನನ್ನ ಒಬ್ರೂ ಕೇಳಲಿಲ್ಲ. ಬ್ಯಾಡ ಅಂದ್ರ ಮಗಳ ಮುಖ ಹೆಂಗ ನೋಡ್ಲಿ? ಬೇಕು ಅಂದ್ರ ನಿನ್ನ ಮುಖ ಹೆಂಗ ನೋಡ್ಲಿ? ನಾಳೆ ನಿನಗೇನಾರ ಆದ್ರ, ನಿಮ್ಮತ್ತಿ ಮುಖ? ನಿನ್ನ ತೂಕನೇ ಇಳೀಲಿಲ್ಲ ಅಂದ್ರ ಯಾರ ತಪ್ಪೂ ಇರಂಗಿಲ್ಲ. ಡಾಕ್ಟರ್ ಬ್ಯಾಡಂದ್ರು ಅಂತ ಆಗ್ತೈತಿ.”

ಆಸ್ಪತ್ರೆಯಲ್ಲಿ ನನ್ನನ್ನು ಒಬ್ಬಳನ್ನೇ ಕೋಣೆಗೆ ಕರೆದು, ಯಾರ ಒತ್ತಾಯವೂ ಇಲ್ಲದೆ ಕೊಡುತ್ತಿದ್ದೀರಾ ಅಂತ ಎರಡು ಸಲ ಕೇಳಿದ್ದರು. ನನ್ನ ಗಂಡನನ್ನು ಕೇಳಿ ಸಹಿ ಹಾಕಿಸಿಕೊಂಡಿದ್ದರು. ಇವಳನ್ನು ನಾನಾದರೂ ಕೇಳಬೇಕಿತ್ತು. ಕಿಡ್ನಿ ಸಿಗುವವಳು ಬೇಡ ಅನ್ನುತ್ತಾಳೆಯೇ ಅಂದುಕೊಂಡೆ. ಊರಿನವರನ್ನೆಲ್ಲ ಅನುಮಾನಿಸುವ ನಾನು, ಇವಳ ಮನಸ್ಸಿನಲ್ಲಿ ಏನಿದೆ ಅಂತ ಒಂದು ದಿನವೂ ಅನುಮಾನಪಡಲಿಲ್ಲ. ಅದು ನನ್ನದೇ ತಪ್ಪು.

ಅವಳ ಎದುರಿಗೆ ನೆಲಕ್ಕೆ ಕೂತೆ. ನನ್ನ ಮೊಣಕಾಲು ಲಟಲಟ ಅಂದವು.

“ಈಗ ಕೇಳ್ತೀನಿ,” ಅಂದೆ. “ಇಲ್ಲಿ ಮಗಳಿಲ್ಲ, ನಿನ್ನ ಗಂಡ ಇಲ್ಲ, ನಮ್ಮತ್ತಿಯಿಲ್ಲ. ಬ್ಯಾಡ ಅಂದ್ರ ಬ್ಯಾಡ. ಡಾಕ್ಟರಿಗೆ ನಾನೇ ಹೇಳ್ತೀನಿ, ಅಕ್ಕ ಹೆದರಿದಳು ಅಂತ ಅನ್ನಲಿ ಊರು. ಖರೆ ಹೇಳು. ಬೇಕೇನು ನಿನಗ?”

ಬಾಣಲೆಯಲ್ಲಿ ಶೇಂಗಾ ಸೀದು ಹೊಗೆ ಏಳತೊಡಗಿತು. ಇಬ್ಬರೂ ಅದನ್ನು ನೋಡುತ್ತಿದ್ದೆವು, ಇಬ್ಬರೂ ಮುಟ್ಟಲಿಲ್ಲ.

“ಬೇಕಕ್ಕ,” ಅಂದಳು ಕೊನೆಗೆ, ಕೇಳಿಸದ ಹಾಗೆ. ಆಮೇಲೆ ಮುಖ ಎತ್ತಿ, “ಭಾಳ ಬೇಕು. ಬದುಕಬೇಕನಸ್ತೈತಿ ನನಗ. ನಿನ್ನ ಮೈಯಾಗಿಂದು ಕಿತ್ಕೊಂಡು ಬದುಕಬೇಕು ಅಂತ ಬಾಯಿ ಬಿಟ್ಟು ಹೇಳಾಕ ನಾಚಿಕಿ ಆಗ್ತಿತ್ತು.”

ನನಗೆ ಅವಳನ್ನು ಹೊಡೆಯಬೇಕೋ ಅಪ್ಪಿಕೊಳ್ಳಬೇಕೋ ತಿಳಿಯಲಿಲ್ಲ. ಎಡಗೈಗೆ ಪೆಟ್ಟಾಗದಂತೆ ಬಲಗಡೆಯಿಂದ ಅಪ್ಪಿಕೊಂಡೆ. ಇಬ್ಬರೂ ಅತ್ತೆವು, ಹೊಗೆಗೂ ಅತ್ತೆವು.

“ಹಂಗಾರ ಮೊದಲು ಒಲಿ ಆರಸು,” ಅಂದೆ.

ಆರಿಸಿದಳು. ಕರಿಯಾದ ಶೇಂಗಾವನ್ನು ಮೊರಕ್ಕೆ ಸುರಿದು ಆಚೆ ತಳ್ಳಿದಳು. ಸೆರಗಿನಿಂದ ಮುಖ ಒರೆಸಿಕೊಂಡು, ಈಗ ಎಷ್ಟು ತೂಗುತ್ತೀ ಅಂತ ಕೇಳಿದಳು. ಎಪ್ಪತ್ತೊಂಬತ್ತು ನಾನೂರು ಅಂದೆ. ಅವಳು ಕಣ್ಣು ಮುಚ್ಚಿ, ತುಟಿಯಲ್ಲೇ ಲೆಕ್ಕ ಹಾಕುತ್ತ, ಬಲಗೈಯ ಬೆರಳ ಗೆಣ್ಣುಗಳನ್ನು ಹೆಬ್ಬೆರಳಿನಿಂದ ಮುಟ್ಟುತ್ತ ಹೋದಳು.

“ಆರು ಕೆಜಿ ನಾನೂರು ಗ್ರಾಂ. ವಾರಕ್ಕ ಅರ್ಧ ಕೆಜಿ ಅಂದ್ರ ಹದಿಮೂರು ವಾರ ಬೇಕು,” ಅಂದಳು. ಮತ್ತೆ ಎಣಿಸಿದಳು, ಮೊದಲಿಗಿಂತ ನಿಧಾನವಾಗಿ. “ಡಾಕ್ಟರ್ ಹೇಳಿದ ಆರು ತಿಂಗಳಿಗೆ ಇನ್ನಾ ಹದಿನಾಲ್ಕು ಅದಾವಕ್ಕ. ಸಾಕಾಗ್ತಾವ.”